ಕಮಿಟಿ ಕೋಣೆಯ ಬಾಗಿಲು

ಕೊಳಕು ವೆಬ್‌ಸೈಟುಗಳನ್ನು ತಡೆಯಲೆಂದು ನಮ್ಮ ಗ್ರಂಥಾಲಯದಲ್ಲಿ ಮೂವರು ಹಿರಿಯರ ಕಮಿಟಿ ಮಾಡಿದರು. ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ನನ್ನ ತಂಗಿಯ ಮಗಳು. ನಾನು ಮೂವತ್ತೆಂಟು ವರ್ಷದಿಂದ ಕಸ ಗುಡಿಸಿ, ಕುಡಿಯುವ ನೀರಿಡುವವನು.

"ಫೈರ್‌ವಾಲ್ ಅಂದ್ರೇನಮ್ಮಾ?" ಎಂದು ಕೇಳಿದ್ದೆ.

"ಬಾಗಿಲು ಕಾಯೋನಿದ್ದ ಹಾಗೆ ಮಾವ. ಕೊಳಕು ಜಾಗಗಳ ಪಟ್ಟಿ ಅದರಲ್ಲೇ ಇದೆ. ಇವರು ಸಹಿ ಹಾಕಿದ್ರೆ ಒಂದು ಗುಂಡಿ ಒತ್ತೋದು, ಮುಗೀತು."

ಸಹಿ ಬೀಳಲಿಲ್ಲ. "ಯಂತ್ರದ ಮಾತು ನಂಬೋಕಾಗುತ್ತಾ? ಒಂದೊಂದನ್ನೂ ನಾವೇ ನೋಡಿ ಪಾಸು ಮಾಡ್ಬೇಕು" ಎಂದರು ಅಧ್ಯಕ್ಷರು.

ನೋಡಿದರು. ಬಾಗಿಲು ಹಾಕಿಕೊಂಡು ಹನ್ನೊಂದು ದಿನ ನೋಡಿದರು. ವಿಳಾಸ ಬರೆದುಕೊಳ್ಳಲು ಹುಡುಗಿ ಅವರ ಪಕ್ಕದಲ್ಲೇ ಕೂರಬೇಕು. "ಹೇಳಮ್ಮಾ, ಇದು ಕೊಳಕೋ ಅಲ್ವೋ?" ಎಂದು ಅವಳನ್ನೇ ಕೇಳಿ ಮೂವರೂ ಹಲ್ಲು ಕಿಸಿಯುವುದು ನೀರಿಡಲು ಹೋದಾಗ ನನ್ನ ಕಣ್ಣಿಗೇ ಬಿತ್ತು.

ಮಧ್ಯಾಹ್ನ ಅವಳು ಬುತ್ತಿ ಬಿಚ್ಚಿ, ಹಾಗೇ ಮುಚ್ಚಿದಳು. "ಬೆಕ್ಕನ್ನ ಹಾಲು ಕಾಯೋಕೆ ಕೂರಿಸಿದಾರೆ ಮಾವ. ನಾಳೆನೂ ಆ ಕೋಣೆಗೆ ಹೋಗ್ಬೇಕಾದ್ರೆ ನಾನು ಕೆಲಸಾನೇ ಬಿಡ್ತೀನಿ."

ನಾನು ಸೇರಿದ ಹೊಸತರಲ್ಲಿ ಇದೇ ಅಧ್ಯಕ್ಷರು ಇಲ್ಲಿ ಗ್ರಂಥಪಾಲಕರು. ವಾರಪತ್ರಿಕೆಗಳಲ್ಲಿನ ಕೆಟ್ಟ ಚಿತ್ರಗಳನ್ನು ಬ್ಲೇಡಿನಿಂದ ಕೊಯ್ದು ತೆಗೆಯುತ್ತಿದ್ದರು. ಊರೆಲ್ಲ ಹೊಗಳಿತು. ಜಿರಲೆ ಔಷಧಿ ಹಾಕಲೆಂದು ಒಂದು ದಿನ ಅವರ ಮೇಜಿನ ಖಾನೆ ಎಳೆದೆ. ಅಷ್ಟೂ ಚಿತ್ರ ಅಲ್ಲಿದ್ದವು, ಅಂಚೆಲ್ಲ ಬೆರಳಿನ ಜಿಡ್ಡಿಗೆ ಕಪ್ಪಾಗಿ. ಮೂರು ಸಲ ಕೈ ತೊಳೆದೆ. ಬಾಯಿ ಮಾತ್ರ ಬಿಡಲಿಲ್ಲ.

"ಬಾಗಿಲು ಕಿರ್ರನ್ನುತ್ತೆ, ಸರಿ ಮಾಡಿಸಯ್ಯಾ" ಎಂದು ಅಧ್ಯಕ್ಷರು ವಾರದಿಂದ ಗದರುತ್ತಿದ್ದರು. ಮರುದಿನ ಬೆಳಿಗ್ಗೆ ಬಾಗಿಲನ್ನೇ ಕಳಚಿ ಬಡಗಿಯ ಅಂಗಡಿಗೆ ಸಾಗಿಸಿದೆ. ಅವರು ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿದ್ದುದು. ಈಗ ಕಂಪ್ಯೂಟರಿನ ಪರದೆ ಎದುರಿನ ಓದುವ ಹಜಾರಕ್ಕೆ ನೆಟ್ಟಗೆ ಕಾಣುತ್ತಿತ್ತು.

ಹತ್ತು ಗಂಟೆಗೆ ಹಜಾರ ತುಂಬಿತ್ತು. ಮೂವರೂ ಬಂದು ಬರೀ ಚೌಕಟ್ಟು ನೋಡಿ ನಿಂತರು. ಕಂಪ್ಯೂಟರ್ ಹಚ್ಚಲಿಲ್ಲ. "ಆ ಪಟ್ಟಿ ಒಟ್ಟಾರೆ ಸರಿಯಾಗೇ ಇದೆ ಬಿಡಿ" ಎಂದು ಒಬ್ಬರು ಗೊಣಗಿದರು. ಸಹಿಗೆ ಐದು ನಿಮಿಷ ಹಿಡಿಯಲಿಲ್ಲ. ಹುಡುಗಿ ತನ್ನ ಮೇಜಿನ ಕಂಪ್ಯೂಟರಿಗೆ ಹೋಗಿ ಗುಂಡಿ ಒತ್ತಿದಳು.

ಹೊರಡುವಾಗ ಅಧ್ಯಕ್ಷರು ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. "ಬಾಗಿಲು ಯಾವಾಗಯ್ಯಾ ಬರುತ್ತೆ?"

"ನಿಧಾನ ಆಗುತ್ತೆ ಸಾರ್. ಒಂದೊಂದು ಹಲಗೆನೂ ನೋಡಿ ಪಾಸು ಮಾಡು ಅಂತ ಬಡಗಿಗೆ ಹೇಳಿದೀನಿ."

ಅವರು ಕೂತಿದ್ದ ಕುರ್ಚಿಗಳನ್ನು ಅಂಗಳಕ್ಕೆ ಎಳೆದು ಸೋಪಿನ ನೀರು ಸುರಿದೆ. ಕೈಹಿಡಿಯ ಜಿಡ್ಡು ಎಷ್ಟು ತಿಕ್ಕಿದರೂ ಬಿಡಲಿಲ್ಲ.