ಐದನೆಯ ಬೋಲ್ಟಿನ ಸದ್ದು

ಐದನೆಯ ಬೋಲ್ಟಿನ ಮೇಲೆ ಸುತ್ತಿಗೆ ಬಿದ್ದ ಕೂಡಲೇ, ದೋಣಿಯ ಹೊರಮೈ ಒರೆಸುತ್ತಿದ್ದ ಮಗಳ ಕೈ ನಿಂತಿತು. ಮೊದಲ ನಾಲ್ಕು ಬೋಲ್ಟುಗಳು ಗಾಜಿನ ಲೋಟಕ್ಕೆ ಚಮಚ ತಾಗಿದ ಹಾಗೆ ಟಿಣ್ ಎಂದಿದ್ದವು. ಇದು ದಪ್ ಎಂದಿತು. ದೋಣಿಯೊಳಗೆ ಮಂಡಿಯೂರಿದ್ದ ಅಪ್ಪ ತಲೆ ಕೂಡ ಎತ್ತಲಿಲ್ಲ. ಆರನೆಯದನ್ನು ತಟ್ಟಿದ, ಏಳನೆಯದನ್ನು ತಟ್ಟಿದ, ಸೊಂಟ ಹಿಡಿದುಕೊಂಡು ಎದ್ದು ನಿಂತು "ಸರಿ" ಎಂದ.

ದೋಣಿ ರಿಪೇರಿಯ ಆ ಶೆಡ್ಡಿನಲ್ಲಿ ಆ ಒಂದು ಮಾತಿನ ಮೇಲೆ ಇನ್ನೊಂದು ಮಾತಿರಲಿಲ್ಲ. ದೋಣಿ ಸಣ್ಣದು, ಹಾಯಿ ಬಿಚ್ಚಿ ಬೆಳಿಗ್ಗೆ ಹೋಗಿ ಸಂಜೆಯೊಳಗೆ ಬರುವುದಕ್ಕಷ್ಟೇ ಮಾಡಿದ್ದು. ನಾಲ್ಕು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂರಬಹುದು. ಅದರ ತಳಕ್ಕೆ ಸೊಂಟದೆತ್ತರದ ಕಬ್ಬಿಣದ ಹಲಗೆಯೊಂದನ್ನು ಖಾಯಂ ಆಗಿ ಬಿಗಿದಿದ್ದಾರೆ. ಶೆಡ್ಡಿನವರು ಅದನ್ನು ಕೀಲ್ ಎನ್ನುತ್ತಾರೆ. ಗಾಳಿ ಹಾಯಿಯನ್ನು ನೂಕಿ ದೋಣಿ ಮಗ್ಗುಲಿಗೆ ವಾಲಿದಾಗ ಅದನ್ನು ಮಗುಚದಂತೆ ಎಳೆದು ನಿಲ್ಲಿಸುವುದು ಆ ಭಾರವೇ. ಭಾರವನ್ನು ಹಿಡಿದಿರುವುದು ಏಳು ಬೋಲ್ಟುಗಳು. ಅವುಗಳ ಒಂದು ತುದಿ ದೋಣಿಯೊಳಗೆ ಕಾಣುತ್ತದೆ, ಆದರೆ ಉಪ್ಪುನೀರು ತಿನ್ನುವುದು ಕಣ್ಣಿಗೆ ಬೀಳದ ನಡುಭಾಗವನ್ನು. ಅದಕ್ಕೇ ವರ್ಷಕ್ಕೊಮ್ಮೆ ತಟ್ಟಿ ಕೇಳುವುದು. ಈ ಕೆಲಸದಲ್ಲಿ ಶೆಡ್ಡಿನ ಮೇಸ್ತ್ರಿಯಾದ ಅಪ್ಪನದು ಎತ್ತಿದ ಕೈ, ಸರಿಯಾಗಿ ಹೇಳಬೇಕೆಂದರೆ ಎತ್ತಿದ ಕಿವಿ. ಸುತ್ತಲಿನವರೆಲ್ಲ ಅವನನ್ನು ಕರೆಯುವುದೇ ಕಿವಿ ಮೇಸ್ತ್ರಿ ಎಂದು. ಅವನು "ಸರಿ" ಎಂದು ದೋಣಿಯ ಮೂತಿಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಸೊನ್ನೆ ಬರೆದರೆ ಮುಗಿಯಿತು, ದೋಣಿ ನೀರಿಗೆ.

ಆ ಕಿವಿ ಹೋಗಿ ಮೂರು ವರ್ಷವಾಗಿತ್ತು. ಪಕ್ಕದಲ್ಲೇ ಕುಕ್ಕರು ಆರು ಸಲ ಕೂಗಿದರೂ ಅಪ್ಪ ನೆಮ್ಮದಿಯಾಗಿ ಪೇಪರು ಓದುತ್ತ ಕೂತಿದ್ದ ದಿನ ಮಗಳಿಗೆ ಅದು ಗೊತ್ತಾಯಿತು. ಗಟ್ಟಿಯಾಗಿ ಆಡಿದ ಮಾತು ಅವನಿಗೆ ಕೇಳುತ್ತಿತ್ತು. ಪಿಸುಮಾತು, ಸೀಟಿಯಂಥ ಕೀರಲು ಸದ್ದು, ಟಿಣ್‌ಗೂ ದಪ್‌ಗೂ ಇರುವ ವ್ಯತ್ಯಾಸ ಮಾತ್ರ ಕೇಳುತ್ತಿರಲಿಲ್ಲ. ಅವಳು ಅವನಿಗೆ ಹೇಳಲಿಲ್ಲ, ಹೇಳಲು ಬಾಯಿ ಬರಲಿಲ್ಲ. ಬದಲಿಗೆ, ಮಧ್ಯಾಹ್ನ ಉಂಡು ಅವನು ಹಳೇ ಹಾಯಿಬಟ್ಟೆಯ ರಾಶಿಯ ಮೇಲೆ ಕಣ್ಣು ಮುಚ್ಚಿದಾಗ, ಅವನು "ಸರಿ" ಎಂದ ದೋಣಿಗಳನ್ನೆಲ್ಲ ಇನ್ನೊಮ್ಮೆ ತಟ್ಟಿ ನೋಡುತ್ತಿದ್ದಳು. ಮೂರು ವರ್ಷದಲ್ಲಿ ಹೀಗೆ ಸತ್ತ ಬೋಲ್ಟು ಎರಡು ಸಿಕ್ಕಿದ್ದವು. ಅವನು ಪೇಟೆಗೆ ಹೋದ ಹೊತ್ತು ನೋಡಿ ಬದಲಾಯಿಸಿ, ಹೊಸ ನಟ್ಟುಗಳಿಗೆ ಹಳೇ ಗ್ರೀಸು ಮೆತ್ತಿ, ಏನೂ ಅರಿಯದವಳಂತೆ ಬಂದು ಕೂತಿದ್ದಳು. ಅಪ್ಪನ ಕಿವಿ ಮೇಲೆ ಹೂ ಇಡುತ್ತಿದ್ದೇನಲ್ಲಾ ಎಂದು ಅವಳಿಗೆ ಸಂಕಟವೂ ಆಗುತ್ತಿತ್ತು. ಆದರೆ ದೋಣಿಗಳು ಹೋಗಿ ಬರುತ್ತಿದ್ದವು.

ಇವತ್ತು ಮಧ್ಯಾಹ್ನದವರೆಗೆ ಕಾಯುವ ಹಾಗಿರಲಿಲ್ಲ. ನಾಳೆ ಬರಬೇಕಾಗಿದ್ದ ದೋಣಿಯ ಯಜಮಾನ, ಹಲ್ಲಿನ ಡಾಕ್ಟರು, ಇವತ್ತೇ ಬಂದು ನಿಂತಿದ್ದ. ಅವನ ತಾಯಿ ಎರಡು ದಿನದ ಮಟ್ಟಿಗೆ ಬಂದಿದ್ದಳಂತೆ. ಬಾಗಿಲ ಬಳಿಯ ಬೆಂಚಿನ ಮೇಲೆ ಮುದುಕಿ ಆಗಲೇ ಲೈಫ್ ಜಾಕೆಟ್ ತೊಟ್ಟು, ತೊಡೆಯ ಮೇಲೆ ಊಟದ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಜಾಕೆಟ್ಟು ಗಲ್ಲದವರೆಗೆ ಏರಿತ್ತು.

"ಏನ್ ಮೇಸ್ತ್ರಿಗಳೇ, ನಾನೂ ನಿಮ್ಮ ಥರಾನೇ ತಟ್ಟಿ ತಟ್ಟಿ ಹೊಟ್ಟೆ ಹೊರೆಯೋನು," ಎಂದ ಡಾಕ್ಟರು ಜೋರಾಗಿ. "ಆದ್ರೆ ನಮ್ಮಲ್ಲಿ ಹಲ್ಲು ಸರಿ ಇಲ್ಲ ಅಂದ್ರೆ ಹಲ್ಲಿನವ್ರೇ ಕಿರುಚ್ತಾರೆ. ನಿಮ್ಮ ಬೋಲ್ಟು ಹೇಳಲ್ವಲ್ಲ!"

"ಹೇಳ್ತವೆ ಡಾಕ್ಟ್ರೇ. ಕೇಳೋರು ಬೇಕು," ಎಂದ ಮೇಸ್ತ್ರಿ ಮೇಲಿನಿಂದ.

"ಎಂಬತ್ತು ವರ್ಷಕ್ಕೆ ಮೊದಲ್ನೇ ಸಲ ದೋಣಿ ಹತ್ತುತ್ತಿದೀನಿ," ಎಂದಳು ಮುದುಕಿ. "ಮುಳುಗ್ಸಲ್ಲ ತಾನೇ?"

"ನಾನು ಸರಿ ಅಂದಿದೀನಲ್ಲ ತಾಯಿ. ನೀವು ನಿಶ್ಚಿಂತೆಯಾಗಿ ಕೂತ್ಕೊಳ್ಳಿ." ಮೇಸ್ತ್ರಿ ಏಣಿಯಿಳಿದು ಬಂದು, ಅಂಗಿಯ ಜೇಬಿನಿಂದ ಸೀಮೆಸುಣ್ಣ ತೆಗೆದು, ದೋಣಿಯ ಮೂತಿಯ ಮೇಲೆ ದುಂಡಗೆ ಸೊನ್ನೆ ಬರೆದ. ಆಮೇಲೆ, ದೋಣಿಯನ್ನು ಹೊತ್ತ ಗಾಡಿ ಹಳಿಯ ಮೇಲೆ ನೀರಿಗೆ ಜಾರದಂತೆ ಕಟ್ಟಿದ್ದ ಹಗ್ಗದ ಕಡೆ ಕೈ ತೋರಿಸಿ, ಬಿಚ್ಚು ಎಂದು ಮಗಳಿಗೆ ಸನ್ನೆ ಮಾಡಿದ.

ಅವಳು ಹಗ್ಗ ಮುಟ್ಟಲಿಲ್ಲ. "ಇವತ್ತು ಗಾಳಿ ಜಾಸ್ತಿ ಆಗೋ ಹಾಗಿದೆ, ನಾಳೆ ಇಳಿಸಿದ್ರೆ..." ಎಂದಳು. ಡಾಕ್ಟರು ಬಾಗಿಲಾಚೆಯ ನೀರನ್ನು ನೋಡಿ ನಕ್ಕ. ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಅವಳು ಅಪ್ಪನ ಹತ್ತಿರ ಹೋಗಿ, ಬೇರೆ ಯಾರಿಗೂ ಕೇಳಬಾರದೆಂದು ಮೆಲ್ಲಗೆ ಹೇಳಿದಳು: "ಅಪ್ಪಾ, ಐದನೇದು ಸತ್ತಿದೆ."

"ಹೂಂ, ಹೂಂ," ಎಂದು ಅಪ್ಪ ತಲೆಯಾಡಿಸಿದ.

"ಅಪ್ಪಾ, ಇಳಿಸೋದು ಬೇಡ. ಐದನೇದು."

ಅಪ್ಪ ಮತ್ತೆ ತಲೆಯಾಡಿಸಿ ನಕ್ಕ. ಮೂರು ವರ್ಷದಿಂದ ಅವಳು ನೋಡುತ್ತ ಬಂದಿದ್ದ, ಕೇಳದವರು ಕೇಳಿದವರಂತೆ ನಗುವ ನಗು. ಆ ನಗೆಯನ್ನು ಅವಳೇ ಕಾಪಾಡಿಕೊಂಡು ಬಂದಿದ್ದಳು. ಅವನ ಮಾನ ಕಾಯಬೇಕೆಂದರೆ ಪಿಸುಗುಟ್ಟಬೇಕು, ಪಿಸುಗುಟ್ಟಿದರೆ ಅವನಿಗೆ ಕೇಳುವುದಿಲ್ಲ. ಅಪ್ಪ ತಾನೇ ಹಗ್ಗದ ಗಂಟಿಗೆ ಕೈ ಹಾಕಿದ. ಡಾಕ್ಟರು ತಾಯಿಯ ತೋಳು ಹಿಡಿದು ಎಬ್ಬಿಸುತ್ತಿದ್ದ.

"ಅಪ್ಪಾ!" ಅವಳು ಕೂಗಿದಳು. "ಐದನೇ ಬೋಲ್ಟು ಸತ್ತಿದೆ! ನಿನಗೆ ಕೇಳಿಸ್ಲಿಲ್ಲ! ನಿನಗೆ ಕಿವಿ ಕೇಳ್ಸಲ್ಲ ಅಪ್ಪಾ!"

ರಸ್ತೆಯಾಚೆ ಸೈಕಲ್ಲು ಒರೆಸುತ್ತಿದ್ದವನೂ ತಿರುಗಿ ನೋಡಿದ. ಮೇಸ್ತ್ರಿಯ ಕೈ ಗಂಟಿನ ಮೇಲೆ ಹಾಗೇ ನಿಂತಿತು.

"ಯಾರಿಗೆ ಹೇಳ್ತಿದೀಯ?" ಎಂದ. "ನಲವತ್ತು ವರ್ಷ ತಟ್ಟಿದೀನಿ. ಸುತ್ತಿಗೆ ಹಿಡಿಯೋದು ಕಲಿಸಿದ್ದು ಯಾರು ನಿನಗೆ?"

"ನೀನೇ. ಅದಕ್ಕೇ ಹೇಳ್ತಿದೀನಿ. ತೆಗೆದು ನೋಡೋಣ. ಚೆನ್ನಾಗಿದ್ರೆ ನಾಳೆಯಿಂದ ನಾನು ಈ ಶೆಡ್ಡಿಗೆ ಕಾಲಿಡಲ್ಲ."

"ಇರ್ಲಿ ಬಿಡಮ್ಮ," ಎಂದ ಡಾಕ್ಟರು ಇರಿಸುಮುರಿಸಿನಿಂದ. "ಮೇಸ್ತ್ರಿಗಳು ಸರಿ ಅಂದ್ಮೇಲೆ..."

"ನೀನು ಸುಮ್ನಿರೋ," ಎಂದಳು ಮುದುಕಿ, ಮತ್ತೆ ಬೆಂಚಿನ ಮೇಲೆ ಕೂತು. "ನೀರು ಎಲ್ಲಿಗೂ ಓಡಿ ಹೋಗಲ್ಲ."

ಮುಕ್ಕಾಲು ಗಂಟೆ ಹಿಡಿಯಿತು. ಮಗಳು ದೋಣಿಯೊಳಗೆ ಕೂತು ನಟ್ಟು ಬಿಚ್ಚಿ, ಬೋಲ್ಟನ್ನು ಮೇಲಿನಿಂದ ಹೊಡೆದು ಹೊಡೆದು ಇಳಿಸಿದಳು. ಕೆಳಗೆ, ಕೀಲ್‌ನ ಅಡಿಯಲ್ಲಿ, ಅಪ್ಪ ಅಂಗಾತ ಮಲಗಿ ಅಂಗೈ ಒಡ್ಡಿದ್ದ. ಬೇರೆ ಯಾರೂ ಅದನ್ನು ಮುಟ್ಟುವುದು ಅವನಿಗೆ ಬೇಕಿರಲಿಲ್ಲ. ಹೊಡೆತ ಹೊಡೆತಕ್ಕೂ, ತನ್ನ ಕಿವಿಯೇ ಸುಳ್ಳಾಗಲಿ, ಬೋಲ್ಟು ಗಟ್ಟಿಯಾಗಿರಲಿ ಎಂದು ಅವಳು ಬೇಡಿಕೊಂಡಳು. ಶೆಡ್ಡು ಬಿಟ್ಟರೆ ಎಲ್ಲಾದರೂ ಕೆಲಸ ಸಿಗುತ್ತದೆ. ಕೊನೆಗೆ ಬೋಲ್ಟು ಸಡಿಲಾಗಿ ಕೆಳಗೆ ಜಾರಿತು.

ಅವಳು ಇಳಿದು ಬಂದಾಗ ಅಪ್ಪ ಗಾಡಿಯ ಚಕ್ರಕ್ಕೆ ಒರಗಿ ಕೂತಿದ್ದ. ಬೋಲ್ಟಿನ ಎರಡು ತುದಿಗಳೂ ಹೆಬ್ಬೆರಳಿನಷ್ಟು ದಪ್ಪ ಇದ್ದವು. ನಡುವೆ ಉಳಿದದ್ದು ಪೆನ್ಸಿಲ್ಲಿನಷ್ಟು, ಅದೂ ತುಕ್ಕು. ಅವನು ಬೆರಳಿನಿಂದ ಅಲ್ಲೇ ಸವರುತ್ತಿದ್ದ. ಆಮೇಲೆ ಬೆಂಚಿನ ಕಡೆ ನೋಡಿದ. ಮುದುಕಿ ಜಾಕೆಟ್ಟಿನ ಪಟ್ಟಿ ಬಿಚ್ಚುತ್ತಿದ್ದಳು.

"ಎಷ್ಟು ವರ್ಷದಿಂದ ಗೊತ್ತು ನಿನಗೆ?" ಎಂದ.

"ಮೂರು."

ಅವನು ಬೋಲ್ಟನ್ನು ನೆಲಕ್ಕಿಟ್ಟ. "ಮಿಕ್ಕ ದೋಣಿಗಳು?"

"ನೋಡ್ತಿದ್ದೆ."

"ಯಾವಾಗ? ನಾನು ಮಲಗಿದ್ದಾಗಲಾ?"

ಅವಳು ಹೌದೆಂದು ತಲೆಯಾಡಿಸಿದಳು. ಅವನಿಗೆ ಕಾಣಲೆಂದು ಎರಡು ಸಲ.

ಮೇಸ್ತ್ರಿ ಎದ್ದ. ಅಂಗೈಗೆ ಉಗುಳು ಹಚ್ಚಿಕೊಂಡು ದೋಣಿಯ ಮೂತಿಯ ಮೇಲಿನ ಸೊನ್ನೆಯನ್ನು ಉಜ್ಜಿ ಉಜ್ಜಿ ಅಳಿಸಿದ. ಬೆಂಚಿನ ಬಳಿ ಹೋಗಿ, "ಇವತ್ತು ಆಗಲ್ಲ ತಾಯಿ. ತಪ್ಪು ನಂದು," ಎಂದ. ಮುದುಕಿ ಡಬ್ಬಿಯ ಮುಚ್ಚಳ ತೆಗೆದು ಅವನ ಮುಂದೆ ಹಿಡಿದಳು. ಅವನು ಬೇಡವೆಂದು ಕೈ ಮುಗಿದು, ತಿರುಗಿ ಬಂದು ಏಣಿ ಹತ್ತಿದ.

"ಬಾ," ಎಂದು ಮಗಳನ್ನು ಕರೆದ. ದೋಣಿಯೊಳಗೆ ಇಬ್ಬರೂ ಎದುರುಬದುರು ಮಂಡಿಯೂರಿದರು. ಅವನು ಸುತ್ತಿಗೆಯನ್ನು ಹಿಡಿಯ ಕಡೆಯಿಂದ ಅವಳಿಗೆ ಕೊಟ್ಟ, ಜೇಬಿನ ಸೀಮೆಸುಣ್ಣವನ್ನೂ ಕೊಟ್ಟ. "ಮೊದಲಿಂದ ಹೊಡಿ."

ಅವಳು ಮೊದಲನೆಯ ಬೋಲ್ಟನ್ನು ತಟ್ಟಿದಳು. ಅಪ್ಪ ಬೋಲ್ಟಿನ ಕಡೆ ನೋಡಲಿಲ್ಲ. ಕಣ್ಣು ಮಿಟುಕಿಸದೆ ಅವಳ ಮುಖವನ್ನೇ ನೋಡುತ್ತ ಕೂತಿದ್ದ.