ಅಗಲಿದ ಚೇತನ

ಕನ್ನೊಳ್ಳಿಯ ಚಿಂತಕ ಇಬ್ರಾಹಿಂಸಾಬರು ತೀರಿಕೊಂಡು ವರ್ಷವಾಗಿತ್ತು. ಸಿಂದಗಿಯಲ್ಲಿ ಅವರ ನೆನಪಿನ ಸಭೆ ಕರೆದವನು ಯುವಕವಿ ಚೇತನಕುಮಾರ. ಫ್ಲೆಕ್ಸ್ ಬರೆಸಿದವನೂ ಅವನೇ. ಮೇಲೆ ದಪ್ಪಕ್ಷರದಲ್ಲಿ ‘ಅಗಲಿದ ಚೇತನಕ್ಕೆ ನುಡಿನಮನ’. ಕೆಳಗೆ, ಸಂಘಟಕನೆಂಬ ಹಕ್ಕಿನಿಂದ, ಕೈಮುಗಿದು ನಿಂತ ಅವನದೇ ದೊಡ್ಡ ಫೋಟೊ ಮತ್ತು ಹೆಸರು. ಇಬ್ರಾಹಿಂಸಾಬರಿಗೆ ಮೂಲೆಯಲ್ಲಿ ಅಂಚೆಚೀಟಿಯಷ್ಟು ಜಾಗ ಸಿಕ್ಕಿತ್ತು. ಅದನ್ನೇ ವಾಟ್ಸಾಪಿನಲ್ಲಿ ಇಂಡಿ, ಬಾಗೇವಾಡಿ, ಮುದ್ದೇಬಿಹಾಳಕ್ಕೆಲ್ಲ ಕಳಿಸಿದ.

ಸಭೆಯ ದಿನ ಮುದ್ದೇಬಿಹಾಳದ ವಿಮರ್ಶಕ ಚನ್ನಬಸಯ್ಯ ಬಂದರು. ಬಾಗಿಲಲ್ಲಿ ಸ್ವಾಗತಕ್ಕೆ ನಿಂತಿದ್ದ ಚೇತನನನ್ನು ಕಂಡು ಹಿಂದೆ ಸರಿದರು.

“ತಮ್ಮಾ, ನೀ ಇದ್ದೀ?”

“ಇದ್ದೇನ್ರಿ ಸರ್. ಯಾಕ್ರಿ?”

“ಫೋಟೊ ನಿಂದು, ಹೆಸರು ನಿಂದು. ನಿನ್ನ ನಂಬರಿಂದನ ಬಂದಿತ್ತು, ಮನಿಯವ್ರು ಕಳಿಸ್ಯಾರ ಅನ್ಕೊಂಡೆ. ಪಾಪ, ಸಣ್ಣ ವಯಸ್ಸು ಅಂತ ನಾಕು ಪುಟ ಬರಕೊಂಡ ಬಂದೀನಿ.”

ತನ್ನ ಸಾವು ಚೇತನನ ಕಿವಿಗೆ ಬೀಳಲೇ ಇಲ್ಲ. ನಾಲ್ಕು ಪುಟ ಮಾತ್ರ ಬಿತ್ತು. ತನ್ನ ಕವನಸಂಕಲನ ಕಳಿಸಿದಂದಿನಿಂದ ಅವನು ಕಾಯುತ್ತಿದ್ದುದು ಇವರ ಒಂದೇ ಒಂದು ಸಾಲಿಗೆ.

“ಹೊಗಳೀರೇನ್ರಿ?”

“ಭಾಳ.”

“ಹಂಗಾರ ಓದ್ರಲಾ!”

“ಜೀವಂತ ಇದ್ದಾವನ್ನ ಇಷ್ಟು ಹೊಗಳಿದ್ರ ಚಲೋ ಕಾಣೂದಿಲ್ಲಪಾ” ಎಂದ ಚನ್ನಬಸಯ್ಯ, ಪೆನ್ನು ತೆಗೆದು ಹಾಳೆಯಲ್ಲಿದ್ದ ಅವನ ಹೆಸರು ಹೊಡೆದುಹಾಕಿ, ಇಬ್ರಾಹಿಂಸಾಬರ ಹೆಸರು ಬರೆದು, ವೇದಿಕೆ ಹತ್ತಿದರು.

‘ನೆಲದ ಕಸುವು’ ಬಂತು. ‘ಕಾಲದ ಕನ್ನಡಿ’ ಬಂತು. ‘ತುಂಬಲಾರದ ನಷ್ಟ’ ಎರಡು ಸಲ ಬಂತು. ಮುಂದಿನ ಸಾಲಿನಲ್ಲಿ ಕೂತ ಚೇತನ ತನ್ನ ಒಂದಾದರೂ ಕವಿತೆ ಬಂದೀತೆಂದು ಕಿವಿಗೊಟ್ಟ. ಬರಲಿಲ್ಲ. ಹೆಸರು ಬದಲಿಸಿದ ಮೇಲೆ ಬೇರೆ ಯಾವುದನ್ನೂ ಬದಲಿಸುವ ಅಗತ್ಯವೇ ಬಿದ್ದಿರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಇಬ್ರಾಹಿಂಸಾಬರ ಹೆಂಡತಿ ಸುಲ್ತಾನಬಿ ಅವನತ್ತ ಬಾಗಿದರು.

“ತಮ್ಮಾ, ಇವ್ರು ಯಾರ ಬಗ್ಗೆ ಹೇಳಾಕತ್ತಾರೊ?”

“ನನಗೂ ತಿಳೀವಲ್ದು ಅಮ್ಮಾ.”

“ನಮ್ಮವ್ರಿಗೆ ಹಿಂಗ ಹೊಗಳೂದು ಬರ್ತಿದ್ದಿಲ್ಲ. ಕಡೀ ಸಲ ದವಾಖಾನಿಗೆ ಹೋದಾಗ ನಿನ್ನ ಪುಸ್ತಕ ಒಯ್ದಿದ್ರು. ಒಂದೊಂದ ಸಾಲಿಗೂ ಎಂಥಾ ಬೈಗಳಾ! ನರ್ಸ್ ಬಂದು, ಅಜ್ಜಾ ಬಿಪಿ ಏರ್ತೈತಿ, ಅದನ್ನ ಕೆಳಗಿಡು ಅಂದ್ಳು. ಇಡಲಿಲ್ಲ.”

ಸಭೆ ಚಪ್ಪಾಳೆ ತಟ್ಟುತ್ತಿತ್ತು. ಚೇತನ ತನ್ನ ಕುರ್ಚಿಯನ್ನು ಸುಲ್ತಾನಬಿಯ ಹತ್ತಿರಕ್ಕೆ ಎಳೆದುಕೊಂಡ.

“ಪೂರಾ ಓದಿದ್ರೇನ್ರಿ ಅಮ್ಮಾ? ಏನಂತ ಬೈದ್ರು? ಜರಾ ಬಿಡಿಸಿ ಹೇಳ್ರಿ.”