ಮಂಕರಿಯೊಳಗಿನ ಕೆಂಪು

ನಾನು ಒಂದು ಮಂಕರಿ. ಮದ್ದೂರಿನ ಮೇದರ ತಿಮ್ಮಕ್ಕನ ಕೈಯಲ್ಲಿ, ಹಸಿ ಬಿದಿರಿನ ಸೀಳುಗಳಿಂದ ಹುಟ್ಟಿದೆ. ಬಾಯಿ ಮೇಲಾದರೆ ನಾನು ಬುಟ್ಟಿ. ಬೋರಲು ಹಾಕಿದರೆ ಕೋಳಿಗೆ ಮನೆ. "ಒಳಗಿರೋದು ಉಸಿರಾಡ್ಬೇಕು, ಹೊರಗಿರೋ ಬೆಕ್ಕು ಮೂತಿ ತೂರಿಸಬಾರದು" ಎನ್ನುತ್ತ ತಿಮ್ಮಕ್ಕ ನನ್ನ ಸಂದುಗಳನ್ನು ಬೆರಳಿಟ್ಟು ನೋಡಿದ್ದಳು. ಅಪಾಯವೆಂಬುದು ಹೊರಗಿನಿಂದ ಬರುತ್ತದೆಂದೇ ನಾನು ನಂಬಿದ್ದೆ.

ಕೆಲಕಾಲ ಸೊಪ್ಪು ಮಾರುವವಳ ತಲೆಯ ಮೇಲೆ ಬೀದಿ ಸುತ್ತಿದೆ. ಆಕೆ ತಳ್ಳುಗಾಡಿ ಕೊಂಡ ಮೇಲೆ ನನ್ನನ್ನು ವನಜಾಕ್ಷಿಗೆ ಕೊಟ್ಟಳು. ಆ ಮನೆಯಲ್ಲಿ ವನಜಾಕ್ಷಿ, ಗಂಡ ಶಿವಲಿಂಗ, ಅತ್ತೆ ಹೊಂಬಾಳಮ್ಮ. ಜೊತೆಗೆ ವನಜಾಕ್ಷಿ ತವರಿನಿಂದ ತಂದ ಕಂದು ಹೇಂಟೆ.

ಹೇಂಟೆ ಮರಿ ಮಾಡಿ ವಾರ ತುಂಬಿರಲಿಲ್ಲ. ಹಿತ್ತಲಿಗೆ ನುಗ್ಗಿದ ಬೀದಿನಾಯಿಯೊಂದು ಅವಳ ಬೆನ್ನಿಗೆ ಬಾಯಿ ಹಾಕಿತು. ಮರಿಗಳ ಮೇಲೆ ರೆಕ್ಕೆ ಹರಡಿ ಕುಳಿತವಳು ಕದಲಲಿಲ್ಲ. ಮರಿಗಳು ಉಳಿದವು, ಅವಳ ಬೆನ್ನು ಹರಿಯಿತು.

"ಇದು ಉಳಿಯಲ್ಲ ಕಣೆ," ಎಂದ ಶಿವಲಿಂಗ. "ನರಳೋದ್ಯಾಕೆ? ಭಾನುವಾರ ಹೆಂಗೂ ಭಾವ ಬರ್ತಾರೆ, ಸಾರಿಗಾಗುತ್ತೆ."

"ಅದರ ಮೇಲೆ ಕತ್ತಿ ಇಟ್ರೆ, ಆ ಸಾರಿಗೆ ಮುದ್ದೆ ನೀವೇ ತಿರುವ್ಕೊಳ್ಳಿ!"

"ಸರಿ. ಭಾನುವಾರದೊಳಗೆ ಕಾಳು ತಿಂದು ಎದ್ದರೆ ನಿಂದು. ಇಲ್ದಿದ್ರೆ ಪಾತ್ರೆಗೆ."

ಅಂದಿನಿಂದ ಆ ಮನೆಯಲ್ಲಿ ಭಾನುವಾರದ ಭಯ. ಮರಿಗಳು ನಡುಮನೆಯಲ್ಲಿ, ಬಲ್ಬಿನ ಬಿಸಿಯ ಕೆಳಗಿಟ್ಟ ರಟ್ಟಿನ ಡಬ್ಬದಲ್ಲಿ. ಹೇಂಟೆ ಅಡುಗೆಮನೆಯ ಮೂಲೆಯಲ್ಲಿ, ನನ್ನ ಕೆಳಗೆ. ವನಜಾಕ್ಷಿ ಗಾಯಕ್ಕೆ ಅರಿಶಿನ ಹಚ್ಚಿದಳು. ಕೊಕ್ಕು ಬಿಡಿಸಿ ಗಂಜಿ ಹನಿಸಿದಳು. ಹೇಂಟೆ ಗಂಜಿ ನುಂಗಿದಳೇ ಹೊರತು ಕಾಳು ಮುಟ್ಟಲಿಲ್ಲ. ಕತ್ತು ಸದಾ ನಡುಮನೆಯ ಚಿಲಿಪಿಲಿಯ ಕಡೆಗೆ.

ಶನಿವಾರ ವನಜಾಕ್ಷಿ ತೀರ್ಮಾನಿಸಿಬಿಟ್ಟಳು. "ಮರಿಗಳ ಮೈ ತಾಕಿದ್ರೆ ಎದ್ದೇಳ್ತಾಳೆ ಅತ್ತೆ."

"ಅದಕ್ಕೂ ಮೊದ್ಲು ದೃಷ್ಟಿ ತೆಗೀಬೇಕು ಕಣವ್ವ," ಎಂದಳು ಹೊಂಬಾಳಮ್ಮ. "ಪಕ್ಕದ್ಮನೆಯವಳು 'ಏನ್ ಕೋಳಿ, ಏನ್ ಕೋಳಿ' ಅಂತ ಕಣ್ಣರಳಿಸಿದಾಗ್ಲೇ ಅಂದ್ಕೊಂಡೆ." ಹಳೆಯ ರವಿಕೆಯಿಂದ ಕೆಂಪು ಬಟ್ಟೆ ಹರಿದು, ದೃಷ್ಟಿ ನಿವಾಳಿಸಿ, ಹೇಂಟೆಯ ಬೆನ್ನಿನ ಗಾಯದ ಮೇಲೆಯೇ ಬಿಗಿದು ಕಟ್ಟಿದಳು. ಮರಿಗಳು ಒಳಗೆ ಬಂದವು. ನನ್ನ ಮೇಲೆ ಗುಂಡುಕಲ್ಲು ಹೇರಿ, ಬೆಕ್ಕು ಬಾರದಂತೆ ಕದ ಮುಚ್ಚಿ, ಅತ್ತೆ ಸೊಸೆ ನಾಮಕರಣದ ಊಟಕ್ಕೆ ಹೊರಟರು.

ಮರಿಗಳು ಮೈಗೆ ಒತ್ತಿದ್ದೇ ತಡ, ಹೇಂಟೆ ಒಂದು ಕಾಳು ಹೆಕ್ಕಿದಳು. ಇನ್ನೊಂದನ್ನೂ ಹೆಕ್ಕಿದಳು. ಗೆದ್ದೆವು, ಎಂದುಕೊಂಡೆ.

ಆಗ ಒಂದು ಮರಿ ಅವಳ ಬೆನ್ನೇರಿತು. ಕೆಂಪು ನೂಲೊಂದನ್ನು ಎಳೆಯಿತು. ಆಟವೆಂದೇ ಭಾವಿಸಿದೆ. ಎರಡನೆಯದೂ ಏರಿತು. ಬಟ್ಟೆ ಸಡಿಲವಾಯಿತು. ಅದರ ಕೆಳಗೆ, ಬಟ್ಟೆಗಿಂತ ಕೆಂಪಾದದ್ದು ಕಂಡಿತು.

ಅವು ಅದನ್ನು ಕುಕ್ಕಿದವು.

ರಕ್ತ ಜಿನುಗಿತು, ಉಳಿದವೂ ಮುಗಿಬಿದ್ದವು. ತಾಯಿಯ ಬೆನ್ನನ್ನು ಕಾಳಿನಂತೆ ಕುಟುಕತೊಡಗಿದವು. ಅವಳೊಮ್ಮೆ ತಿರುಗಿ ಕುಕ್ಕಿದ್ದರೆ ಸಾಕಿತ್ತು. ಕುಕ್ಕಲಿಲ್ಲ. ನನ್ನ ಗೋಡೆಗೆ ಒತ್ತಿಕೊಂಡು ನಡುಗಿದಳು. ದಾರಿ ಬಿಡೋಣವೆಂದರೆ ನನ್ನ ಮೇಲೆ ಕಲ್ಲು! ಕಾಯಲೆಂದು ಹೆಣೆದ ನಾನು ಅವಳ ಪಾಲಿಗೆ ಸೆರೆಮನೆಯಾಗಿದ್ದೆ.

ಕದ ಕಿರುಗುಟ್ಟಿತು. ಬಂದವನು ಶಿವಲಿಂಗ. ಕೈಯಲ್ಲಿ ಕತ್ತಿ.

"ಇವಳು ಬರೋದ್ರೊಳಗೆ ಮುಗಿಸಿಬಿಡ್ಬೇಕು," ಎಂದು ಗೊಣಗುತ್ತ ಕಲ್ಲು ಸರಿಸಿದ. ನನ್ನನ್ನೆತ್ತಿದ. ಎತ್ತಿದವನು ಹಾಗೇ ನಿಂತ. ಪುಟ್ಟ ಮುಖಗಳೆಲ್ಲ ಅವನತ್ತ ತಿರುಗಿದವು. ಒಂದೊಂದು ಕೊಕ್ಕೂ ಕೆಂಪು.

ಕತ್ತಿ ನೆಲಕ್ಕೆ ಬಿತ್ತು. "ಅಯ್ಯಯ್ಯೋ!" ಎಂದವನೇ ಹೇಂಟೆಯನ್ನು ಎದೆಗೆ ಅವುಚಿಕೊಂಡ. ಬಿಳಿ ಅಂಗಿ ರಕ್ತಮಯವಾಯಿತು.

ಹಿಂದಿರುಗಿದ ವನಜಾಕ್ಷಿ ಬಾಗಿಲಲ್ಲೇ ಕಿರುಚಿದಳು. "ಕುಯ್ದುಬಿಟ್ರಾ?"

"ಇಲ್ಲ ಕಣೆ. ಉಸಿರಿದೆ."

"ಹಂಗಾದ್ರೆ ಬೆಕ್ಕು ಬಂತಾ?"

"ಬೆಕ್ಕಲ್ಲ..." ಅವನು ಮರಿಗಳತ್ತ ಕೈ ತೋರಿಸಿದ. "ಮಕ್ಕಳು."

ಹೊಂಬಾಳಮ್ಮ ಬಿಚ್ಚಿ ಬಿದ್ದಿದ್ದ ತನ್ನ ಕೆಂಪು ಬಟ್ಟೆಯನ್ನು ನೆಲದಿಂದ ಹೆಕ್ಕಿಕೊಂಡಳು.

ಶಿವಲಿಂಗನೇ ಹೇಂಟೆಯನ್ನು ಪಶು ಆಸ್ಪತ್ರೆಗೆ ಹೊತ್ತೊಯ್ದ. ಬಂದು ಹೇಳಿದ: "ಮರಿಗಳು ಕೆಂಪು ಕಂಡಿದ್ದನ್ನೆಲ್ಲ ಕುಕ್ಕುತ್ವಂತೆ. ಅವಕ್ಕೆ ತಾಯಿ ಅಂತ ಗೊತ್ತಿದ್ರೂ ಅಷ್ಟೇಯಂತೆ." ಕೆಂಪು ಕಾಣದಂತೆ ಗಾಯಕ್ಕೆ ನೀಲಿ ಔಷಧ ಬಳಿಸಿಕೊಂಡು ಬಂದಿದ್ದ.

ಭಾನುವಾರ ಭಾವ ಉಣ್ಣಲು ಕುಳಿತರು. "ಏನಯ್ಯಾ, ಕೋಳಿ ಅಂತ ಕರೆದು ಹುರುಳಿಕಾಳು ಬಡಿಸ್ತಿದೀಯಾ?"

"ಉಣ್ಣಿ ಭಾವ. ಆ ಕೋಳೀನ ತಿನ್ನೋರು ಆಗ್ಲೇ ತಿಂದಾಯ್ತು," ಎಂದ ಶಿವಲಿಂಗ. ಭಾವ ಒಬ್ಬರೇ ನಕ್ಕರು.

ಗಾಯ ಮಾಗಿ ಹೊಸ ಚರ್ಮ ಬಂದ ಮೇಲೆ ಮರಿಗಳನ್ನು ಮತ್ತೆ ನನ್ನ ಕೆಳಗೆ ಬಿಟ್ಟರು. ಈ ಸಲ ಕಲ್ಲಿಲ್ಲ. ಮೂವರೂ ನನ್ನ ಅಂಚು ಹಿಡಿದು ಕುಳಿತರು. ಮರಿಗಳು ಅವಳತ್ತ ಓಡಿದವು. ಹೇಂಟೆ ಒಂದು ಹೆಜ್ಜೆ ಹಿಂದೆ ಸರಿದಳು. ಅವುಗಳ ಕೊಕ್ಕುಗಳನ್ನೇ ನೋಡಿದಳು. ನನ್ನ ಸೀಳುಗಳೆಲ್ಲ ಬಿಗಿದವು.

ಅವಳು ರೆಕ್ಕೆ ಎತ್ತಿದಳು. ಮರಿಗಳು ಒಂದೂ ಬಿಡದೆ ಒಳಗೆ ತೂರಿಕೊಂಡವು.

ಈಗ ನನ್ನ ಅಂಚು ಮುರಿದಿದೆ. ಒಲೆಯ ಪಕ್ಕದಲ್ಲಿ ತೆಂಗಿನ ಚಿಪ್ಪು ತುಂಬಿಕೊಂಡು ಕುಳಿತಿದ್ದೇನೆ. ಆ ಕೆಂಪು ಕೊಕ್ಕುಗಳನ್ನು ಮರೆತರೂ ಮರೆತೇನು. ತೆರೆದುಕೊಂಡ ಆ ರೆಕ್ಕೆ ಮಾತ್ರ ಇಂದಿಗೂ ನನಗೆ ಅರ್ಥವಾಗಿಲ್ಲ. ಅದು ನೆನಪಾದಾಗಲೆಲ್ಲ ನನ್ನ ಒಣ ಬಿದಿರು ಚಟ್ಟೆಂದು ಸದ್ದು ಮಾಡುತ್ತದೆ.

"ಹಾಳಾದ್ ಇಲಿ!" ಎಂದು ವನಜಾಕ್ಷಿ ಗದರುತ್ತಾಳೆ.